ಕಟ್ಟಿದ ಸೌಧ, ಬಿಟ್ಟ ಪೀಠ

ಕೆಂಪು ಎಂಬ ಮಾತಿಗೆ ಕಲ್ಲು ಸೇರಿದರೆ ಕೆಂಗಲ್ಲು. ಕಣ್ಣು ಸೇರಿ ಕೆಂಗಣ್ಣಾದಂತೆಯೇ ಇಲ್ಲಿಯೂ ಕಕಾರಕ್ಕೆ ಗಕಾರ ಆದೇಶವಾಗಿದೆ. ತರಗತಿಯಲ್ಲಿ ಈ ಉದಾಹರಣೆಯನ್ನು ಕೊಟ್ಟಾಗಲೆಲ್ಲ ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ಬರುತ್ತಿದ್ದುದು ಊರಲ್ಲ, ಹನುಮಂತಯ್ಯನವರ ಹೆಸರು. ರಾಮನಗರ, ಚನ್ನಪಟ್ಟಣಗಳ ನಡುವೆ, ಮೈಸೂರಿನ ದಾರಿಯಲ್ಲಿರುವ ಕೆಂಗಲ್ಲಿನ ಆಂಜನೇಯನ ಭಕ್ತರಾಗಿದ್ದ ಅವರು ಆ ಸ್ಥಳನಾಮವನ್ನೇ ತಮ್ಮ ಹೆಸರಿನ ಮುಂದೆ ಧರಿಸಿದರು. ಮುಂದೆ ಆ ಗುಡಿಯ ಜೀರ್ಣೋದ್ಧಾರವನ್ನೂ ಮಾಡಿಸಿದರು.

ಹನುಮಂತಯ್ಯನವರು ಹುಟ್ಟಿದ್ದು 1908ರಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲಿಗ ಮನೆತನದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಕಾನೂನು ಕಲಿತು ಬಂದ ತರುಣ ವಕೀಲರನ್ನು ಕಾಂಗ್ರೆಸ್ಸು ಸೆಳೆಯಿತು. ಸೆರೆವಾಸ, ಸಂಸ್ಥಾನದ ಜವಾಬ್ದಾರಿ ಸರ್ಕಾರದ ಹೋರಾಟ, ಭಾರತದ ಸಂವಿಧಾನ ಸಭೆಯ ಸದಸ್ಯತ್ವ: ಇವೆಲ್ಲವನ್ನೂ ಕಂಡ ಮೇಲೆ 1952ರ ಮಾರ್ಚಿಯಲ್ಲಿ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.

ಅವರ ಹೆಸರು ಹೇಳಿದೊಡನೆ ಕಣ್ಣ ಮುಂದೆ ನಿಲ್ಲುವುದು ವಿಧಾನಸೌಧ. ಅದಕ್ಕೆ ಪಂಡಿತ ನೆಹರೂ ಅವರು ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13ರಂದು, ಆಗ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿ. ಆದರೆ ಮೊದಲು ಯೋಜಿಸಿದ್ದು ಇಷ್ಟು ಭವ್ಯವಾದ ಕಟ್ಟಡವನ್ನಲ್ಲ. ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿರಿಸಿ, ಎಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರ ಕೈಯಲ್ಲಿ ದ್ರಾವಿಡ ಶೈಲಿಯ ಕಲ್ಲಿನ ಸೌಧವನ್ನೇ ಎಬ್ಬಿಸಿದರು. ಎದುರಿಗೆ ಪರಕೀಯ ಶೈಲಿಯ ಅಠಾರಾ ಕಚೇರಿ. ಅದಕ್ಕೆ ಮುಖ ಕೊಟ್ಟು ನಮ್ಮ ಕಂಬ, ನಮ್ಮ ಬೋದಿಗೆ, ನಮ್ಮ ಗೋಪುರ. ವೆಚ್ಚ ಒಂದು ಮುಕ್ಕಾಲು ಕೋಟಿ ರೂಪಾಯಿಗಳನ್ನು ಮುಟ್ಟಿದಾಗ ದುಂದುವೆಚ್ಚವೆಂಬ ಕೂಗೆದ್ದಿತು, ವಿಚಾರಣೆಯೂ ನಡೆಯಿತು. ಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆಸಿದವರು, ಆ ಕೆಲಸದ ಲೆಕ್ಕವನ್ನು ಮನುಷ್ಯರಿಗೂ ಒಪ್ಪಿಸಬೇಕಾಯಿತು. ಪ್ರಜಾಪ್ರಭುತ್ವದಲ್ಲಿ ಅದು ಆಗಬೇಕಾದದ್ದೇ.

ಆದರೆ ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಪರೀಕ್ಷೆ ಕಲ್ಲಿನದಲ್ಲ, ನಾಡಿನದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆ ವರ್ಷಾಂತ್ಯದಲ್ಲಿ ಕೇಂದ್ರವು ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಕನ್ನಡಿಗರೆಲ್ಲ ಒಂದಾಗಬೇಕೆಂಬ ಮಾತಿಗೆ ಎಲ್ಲರಿಗಿಂತ ಹೆಚ್ಚು ಅಳುಕಿದ್ದು ಹಳೆಯ ಮೈಸೂರೇ ಎಂಬುದನ್ನು ನಾವು ಮರೆಯಬಾರದು. ಕಾವೇರಿಯ ನೀರು, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಾರ್ಖಾನೆಗಳು ಇದ್ದ ನಾಡು, ಹಿಂದುಳಿದ ಜಿಲ್ಲೆಗಳ ಭಾರವನ್ನು ಏಕೆ ಹೊರಬೇಕೆಂದು ಕೇಳಿದವರಿದ್ದರು. ಇನ್ನೊಂದು ಅಳುಕನ್ನು ಬಹಿರಂಗವಾಗಿ ಆಡಿದವರು ಕಡಮೆ, ಎಣಿಸಿದವರು ಬಹಳ: ಉತ್ತರದ ಜಿಲ್ಲೆಗಳು ಬಂದರೆ ಒಕ್ಕಲಿಗರ ಸಂಖ್ಯಾಬಲ ಕುಗ್ಗಿ, ಲಿಂಗಾಯತರದು ಹಿಗ್ಗುತ್ತದೆ.

ಈ ಲೆಕ್ಕ ಹನುಮಂತಯ್ಯನವರಿಗೆ ತಿಳಿಯದ್ದಲ್ಲ. ಅವರ ಸರ್ಕಾರ ಶೇಷಾದ್ರಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸಾಧಕಬಾಧಕಗಳನ್ನು ತೂಗಿಯೂ ನೋಡಿತ್ತು. ಹಾಗೆ ತೂಗಿದ ಮೇಲೆಯೂ ಅವರು ಏಕೀಕರಣದ ಪರವಾಗಿ ನಿಂತರು. ಸ್ವಪಕ್ಷದವರ, ಸ್ವಜನರ ವಿರೋಧದ ನಡುವೆ ನಿಂತರು. ಕಳೆದುಕೊಳ್ಳುವುದು ಏನೂ ಇಲ್ಲದವನ ಔದಾರ್ಯ ಸುಲಭ. ತಕ್ಕಡಿಯ ಒಂದು ತಟ್ಟೆಯಲ್ಲಿ ತನ್ನ ಪೀಠವೇ ಇರುವಾಗ ನಾಡಿನ ಕಡೆಗೆ ವಾಲುವುದು ಬೇರೆಯ ಮಾತು.

1956ರ ಆಗಸ್ಟಿನಲ್ಲಿ ಪಕ್ಷದೊಳಗಣ ಅವಿಶ್ವಾಸದಿಂದ ಅವರು ಅಧಿಕಾರ ಬಿಡಬೇಕಾಯಿತು. ಇದಕ್ಕೆ ಏಕೀಕರಣವೊಂದೇ ಕಾರಣವೆಂದರೆ ಚರಿತ್ರೆಯನ್ನು ಸರಳಗೊಳಿಸಿದಂತಾದೀತು. ಸೌಧದ ವಿವಾದ, ಸಹೋದ್ಯೋಗಿಗಳೊಡನೆ ವಿರಸ, ಅವರ ನಿಷ್ಠುರ ಸ್ವಭಾವ ಎಲ್ಲವೂ ಸೇರಿದ್ದವು. ಕಡಿದಾಳ್ ಮಂಜಪ್ಪನವರು ಕೆಲಕಾಲ ಆಡಳಿತ ನಡೆಸಿದರು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಗಳಾದವರು ಎಸ್. ನಿಜಲಿಂಗಪ್ಪನವರು. ಒಂಬತ್ತು ಜಿಲ್ಲೆಗಳ ಸಂಸ್ಥಾನಕ್ಕೆ ಅತಿಯಾಯಿತೆಂದು ಜರೆಸಿಕೊಂಡ ಸೌಧ, ಕೂಡಿಬಂದ ಕನ್ನಡನಾಡಿಗೆ ಅಳತೆಯಾಗಿ ಕೂತಿತು. ಕಟ್ಟಿಸಿದವರು ಮಾತ್ರ ಅಲ್ಲಿಂದ ಆ ನಾಡನ್ನು ಆಳಲಿಲ್ಲ.

ಮುಂದೆ ಅವರು ಲೋಕಸಭೆಗೆ ಹೋದರು. ಮೊರಾರ್ಜಿ ದೇಸಾಯಿಯವರ ಬಳಿಕ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, ಅನಂತರ ರೈಲ್ವೆ ಸಚಿವರೂ ಆದರು. 1980ರ ಡಿಸೆಂಬರ್ 1ರಂದು ತೀರಿಕೊಂಡರು.

ಸಾಹಿತ್ಯಾಭಿಮಾನಿಗಳಾದ ನಾವು ಇನ್ನೊಂದನ್ನು ನೆನೆಯಬೇಕು. ಕುಮಾರವ್ಯಾಸ ಭಾರತವು ಕಡಮೆ ಬೆಲೆಯಲ್ಲಿ ಮನೆಮನೆಗೂ ಸೇರಬೇಕೆಂಬ ಆಸೆ ಅವರದು. ಕುವೆಂಪು, ಮಾಸ್ತಿಯವರು ಸಂಪಾದಿಸಿದ ಆ ಸರ್ಕಾರಿ ಮುದ್ರಣ ಹೊರಬಂದದ್ದು 1958ರಲ್ಲಿ; ಅಷ್ಟರಲ್ಲಿ ಹನುಮಂತಯ್ಯನವರು ಅಧಿಕಾರದಲ್ಲಿರಲಿಲ್ಲ. ಸೌಧದಂತೆ, ನಾಡಿನಂತೆ, ಈ ಗ್ರಂಥವೂ ಅವರು ಪೀಠವಿಳಿದ ಮೇಲೆಯೇ ಜನರ ಕೈಸೇರಿತು.