ಮೌನಸೂಚಕ ಪದಗಳು (ಧಾರವಾಡ ಸೀಮೆ)

ಮೌನಸೂಚಕ ಪದಗಳು: ಸದ್ದಿಲ್ಲದಿರುವುದು, ಮಾತಾಡದಿರುವುದು, ಅಲುಗಾಡದಿರುವುದು, ಮನಸ್ಸು ನೆಮ್ಮದಿಯಿಂದಿರುವುದು ಇವನ್ನು ಹೇಳುವ ಪದಗಳು ಹಾಗೂ ನುಡಿಗಟ್ಟುಗಳು. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಆಡುಮಾತಿನಲ್ಲಿ ಇವು ಹೇರಳವಾಗಿವೆ. ಬರವಣಿಗೆಯ ಕನ್ನಡ ಬಹುಮಟ್ಟಿಗೆ ಮೌನ, ನಿಶ್ಶಬ್ದ, ಶಾಂತಿ ಎಂಬ ಸಂಸ್ಕೃತ ಪದಗಳಲ್ಲೇ ಕೆಲಸ ಮುಗಿಸುತ್ತದೆ. ಆಡುಮಾತು ಹಾಗಲ್ಲ, ಯಾರು ಸುಮ್ಮನಿದ್ದಾರೆ, ಯಾಕೆ ಸುಮ್ಮನಿದ್ದಾರೆ ಎಂದು ನೋಡಿ ಪದ ಆರಿಸುತ್ತದೆ.

ಪದಗಳ ಮೂಲ

ಈ ಪದಗಳಲ್ಲಿ ಹೆಚ್ಚು ಬಳಕೆಯದು 'ಸುಮ್ಮನೆ'. ಧಾರವಾಡದ ಕಡೆ ಇದು 'ಸುಮ್ನ', 'ಸುಮ್ಕ' ಎಂದಾಗುತ್ತದೆ. ತಮಿಳು, ಮಲಯಾಳಗಳಲ್ಲಿ ಇದರ ಸೋದರ ರೂಪಗಳಿವೆ. ಶಾಲಾ ವ್ಯಾಕರಣಗಳು ಇದನ್ನು ಸಾಮಾನ್ಯಾವ್ಯಯಗಳಲ್ಲಿ ಸೇರಿಸುತ್ತವೆ. ಮಾತಿಲ್ಲದೆ, ಕೆಲಸವಿಲ್ಲದೆ, ಕಾರಣವಿಲ್ಲದೆ ಎಂಬ ಮೂರು ಅರ್ಥಗಳೂ ಇದಕ್ಕುಂಟು. 'ಸುಮ್ನ ಕುಂದ್ರು' ಎಂದರೆ ಮಾತು ನಿಲ್ಲಿಸು. 'ಸುಮ್ನ ಬಂದೆ' ಎಂದರೆ ವಿಶೇಷವೇನೂ ಇಲ್ಲ.

'ಗಪ್ಪ', 'ಗಪ್‌ಚುಪ್' ಎಂಬ ಮಾತುಗಳು ನೆರೆಯ ಮರಾಠಿ, ಹಿಂದಿ-ಉರ್ದುಗಳ ಸಂಪರ್ಕದಿಂದ ಬಂದವು. 'ಗಪ್ಪ ಕುಂದ್ರು' ಎನ್ನುವುದರಲ್ಲಿ 'ಸುಮ್ನ ಕುಂದ್ರು' ಎನ್ನುವುದಕ್ಕಿಂತ ಗದರಿಕೆ ಹೆಚ್ಚು. ಸದ್ದಿಗೆ ಇಲ್ಲಿನ ಜನ ಹೇಳುವುದು 'ಸಪ್ಪಳ'. ಮಗು ಮಲಗಿದ್ದರೆ 'ಸಪ್ಪಳ ಮಾಡಬ್ಯಾಡ' ಎನ್ನುತ್ತಾರೆ. ಹಲವರು ಕೂಡಿ ಮಾಡುವ ಸದ್ದಾದರೆ ಅದು 'ಗದ್ಲ'.

ಮಾತಾಡದಿರುವುದು

ಮನುಷ್ಯ ಮಾತಾಡದಿರುವುದನ್ನು ಈ ಉಪಭಾಷೆ ಕ್ರಿಯಾಪದದ ನಿಷೇಧರೂಪಗಳಲ್ಲೇ ವಿಂಗಡಿಸುತ್ತದೆ. 'ಆಕಿ ಮಾತಾಡಂಗಿಲ್ಲ' ಎಂದರೆ ಅದು ಆಕೆಯ ಸ್ವಭಾವ ಅಥವಾ ರೂಢಿ. 'ಆಕಿ ಮಾತಾಡವಲ್ಲಳು' ಎಂದರೆ ಈಗ, ಕೇಳಿದರೂ ಬಾಯಿ ಬಿಡುತ್ತಿಲ್ಲ. 'ಒಲ್ಲೆ' ಎಂಬುದರ ನಿರಾಕರಣೆ ಈ ರೂಪದೊಳಗೇ ಸೇರಿಕೊಂಡಿದೆ. 'ಅವರಿಬ್ರೂ ಮಾತ ಬಿಟ್ಟಾರ' ಎಂದರೆ ನಡುವೆ ಜಗಳ ಬಿದ್ದಿದೆ, ಒಂದೇ ಓಣಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ. ಮೂರನ್ನೂ 'ಮೌನವಾಗಿದ್ದಾರೆ' ಎಂದು ಬರೆದರೆ ಸ್ವಭಾವ, ಹಟ, ಮುನಿಸು ಮೂರೂ ಒಂದಾಗಿಬಿಡುತ್ತವೆ.

ಅಂಜಿಕೆಯಿಂದಲೋ ಗುಟ್ಟು ಕಾಯುವುದಕ್ಕೋ ಸುಮ್ಮನಿರುವವನು 'ತುಟಿಪಿಟಕ್ಕೆನ್ನದೆ' ಇರುತ್ತಾನೆ. ನೋವನ್ನು ಹೇಳಿಕೊಳ್ಳಲಾರದ ದನಕರುಗಳಿಗೆ ಮರುಕದಿಂದ ಹೇಳುವ ಮಾತು 'ಮೂಕಪ್ರಾಣಿ'.

ಮನೆ, ಊರು, ಗಾಳಿ

ಜಾಗದ ಮೌನಕ್ಕೆ ಅನುಕರಣ ಪದಗಳು ಬರುತ್ತವೆ. ಮದುವೆ ಮುಗಿದು ಬೀಗರೆಲ್ಲ ಹೋದ ಮೇಲೆ ಮನೆ 'ಭಣಭಣ' ಅನ್ನುತ್ತದೆ. ಜನರಿಲ್ಲದ ಊರು 'ಬಿಕೋ' ಅನ್ನುತ್ತದೆ. ಇಲ್ಲಿ ಮೌನಕ್ಕೂ ಒಂದು ಸದ್ದನ್ನು ಕೊಟ್ಟಿದೆ. ಈ ಪದಗಳು ಹೇಳುವುದು ಸದ್ದಿನ ಕೊರತೆಗಿಂತ ಮಿಗಿಲಾಗಿ ಜನರ ಕೊರತೆಯನ್ನು. ಗ್ರಾಮದೇವತೆಯ ಜಾತ್ರೆಗೆ ಮುನ್ನ ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ 'ಹೊರಬೀಡು' ನಡೆದು, ಮನೆಮಂದಿಯೆಲ್ಲ ಊರ ಹೊರಗೆ ಉಳಿದಾಗ ಊರಿನ ಸ್ಥಿತಿ ಇದೇ.

ಚಲನೆ ಇಲ್ಲದಿರುವುದಕ್ಕೆ 'ನಿಲ್ಲು' ಎಂಬ ಕ್ರಿಯಾಪದವೇ ಸಾಕು: ಗಾಳಿ ನಿಂತೈತಿ, ಹಳ್ಳದ ನೀರು ನಿಂತೈತಿ, ಹಿಟ್ಟಿನ ಗಿರಣಿ ನಿಂತೈತಿ. ನವಲಗುಂದ, ಅಣ್ಣಿಗೇರಿಗಳ ಎರೆಹೊಲದ ಬಯಲಲ್ಲಿ ಗಾಳಿಯಿಲ್ಲದ ಹೊತ್ತನ್ನು 'ಒಂದು ಎಲಿ ಅಳ್ಳಾಡವಲ್ದು' ಎನ್ನುತ್ತಾರೆ. ಕಣದಲ್ಲಿ ಕಾಳು ತೂರುವವರಿಗೆ ಇದು ಕೆಲಸ ನಿಲ್ಲಿಸುವ ಸುದ್ದಿ. ನೆಮ್ಮದಿಯ ಪದ ಬೇರೆಯೇ: ಅದು 'ತಣ್ಣಗ'. ಬಿಸಿಲಿನ ಸೀಮೆಯಲ್ಲಿ 'ನಿಮ್ಮ ಮನಿ ತಣ್ಣಗಿರಲಿ' ಎಂಬುದು ಹಿರಿಯರ ಹರಕೆ.

ಆಚರಣೆಯಲ್ಲಿ

ಮಠಗಳ ಪರಂಪರೆಯಲ್ಲಿ 'ಮೌನಾನುಷ್ಠಾನ' ಪ್ರಸಿದ್ಧ. ಶ್ರಾವಣದಲ್ಲಿ ಇದನ್ನು ಕೈಗೊಳ್ಳುವ ಸ್ವಾಮಿಗಳಿದ್ದಾರೆ. ಜೈನರಲ್ಲಿ ಮೌನವ್ರತವಿದೆ. ವಚನಕಾರರು ಮಾತಿಗೆ ನಿಲುಕದ ಅನುಭವವನ್ನು 'ಬಯಲು', 'ಶಬ್ದಮುಗ್ಧ', 'ನಿಶ್ಶಬ್ದ' ಎಂಬ ಪದಗಳಿಂದ ಸೂಚಿಸಿದರು.

ಮೌನವನ್ನು ಒಂದೇ ಪದದಿಂದ ತರುವ ದೊಡ್ಡ ನಿದರ್ಶನ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕೋತ್ಸವ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಪ್ಪ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಾನೆ. ನೆರೆದ ಲಕ್ಷಾಂತರ ಜನ ತಟ್ಟನೆ ಸುಮ್ಮನಾಗುತ್ತಾರೆ; ಒಂದು ಸಾಲಿನ ಕಾರ್ಣಿಕ, ಅಂದರೆ ಭವಿಷ್ಯವಾಣಿ, ಹೊರಬೀಳುತ್ತದೆ. ತರಗತಿಯಲ್ಲಿ ಮಾಸ್ತರರು 'ಸದ್ದು!' ಎಂದು ಗದರುವುದೂ ಇದೇ ಬಗೆಯದು. ಸಂಸ್ಕೃತದ 'ಶಬ್ದ'ದಿಂದ ಬಂದ, ಗದ್ದಲವನ್ನು ಹೆಸರಿಸುವ ಪದವೇ ಅದನ್ನು ನಿಲ್ಲಿಸುವ ಆಜ್ಞೆಯಾಗಿದೆ.

ಸಾರ್ವಜನಿಕ ಸಭೆಗಳ ಪದ 'ಮೌನಾಚರಣೆ'. ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ದೇಶದಾದ್ಯಂತ ಎರಡು ನಿಮಿಷ ಇದನ್ನು ಪಾಲಿಸುವ ಪದ್ಧತಿಯಿದೆ.

ಸಂಗೀತದಲ್ಲಿ

ಕುಂದಗೋಳ ಹಿಂದೂಸ್ತಾನಿ ಸಂಗೀತದ ದೊಡ್ಡ ನೆಲೆ. ಕಿರಾಣಾ ಘರಾಣೆಯ ಸವಾಯಿ ಗಂಧರ್ವರು (1886–1952) ಇಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಗೆ ಪಾಠ ಹೇಳಿದರು. ಈ ಸಂಗೀತದಲ್ಲಿ ಮೌನಕ್ಕೂ ಲೆಕ್ಕವಿದೆ. ತಾಳದಲ್ಲಿ ಚಪ್ಪಾಳೆ ತಟ್ಟದೆ ಕೈ ಬೀಸುವ ಜಾಗ 'ಖಾಲಿ'. 16 ಮಾತ್ರೆಗಳ ತೀನ್‌ತಾಲದಲ್ಲಿ ಅದು 9ನೆಯ ಮಾತ್ರೆ. ಹೆಸರು ಖಾಲಿಯಾದರೂ ಹಾಡುಗಾರನಿಗೆ ತಾನು ಆವರ್ತನದಲ್ಲಿ ಎಲ್ಲಿದ್ದೇನೆಂದು ತಿಳಿಯುವುದು ಅದರಿಂದಲೇ.

ಇಂದಿನ ಬಳಕೆ ಮತ್ತು ದಾಖಲಾತಿ

ಇಂಗ್ಲಿಷಿನ ಪದಗಳೂ ಹಳ್ಳಿಗೆ ಬಂದಿವೆ. ಶಾಲೆಯಲ್ಲಿ 'ಸೈಲೆನ್ಸ್' ಆಜ್ಞೆಯಾಗಿದೆ. ಫೋನನ್ನು 'ಸೈಲೆಂಟ್' ಇಡುತ್ತಾರೆ. ಇವು ಹೊಸ ಸಂದರ್ಭಗಳ ಪದಗಳು. ಹಳೆಯವುಗಳ ಜಾಗವನ್ನು ಪೂರ್ತಿ ತುಂಬಲಾರವು.

ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಲ್ಲಿ ಬಂದಿದೆ. ಪದ, ಅರ್ಥ, ಪ್ರಯೋಗಗಳಿಗೆ ಇಂಥ ಕೃತಿಗಳೇ ಆಧಾರ. ಆದರೆ ಮೌನದ ಪದಗಳಿಗೆ ಅರ್ಥವೊಂದನ್ನೇ ಕೊಟ್ಟರೆ ಸಾಲದು. 'ಗಪ್ಪ' ಎಂದು ಯಾರು ಯಾರಿಗೆ ಹೇಳಬಹುದು, 'ಭಣಭಣ' ಎಂದು ಯಾವ ಮನೆಗೆ ಹೇಳುತ್ತಾರೆ ಎಂಬುದನ್ನೂ, 'ಮಾತಾಡವಲ್ಲ' ಎಂಬಂಥ ಕ್ರಿಯಾರೂಪಗಳನ್ನೂ ಆಡುವವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಧಾರವಾಡ ಸೀಮೆಯ ಉಪಭಾಷಾ ನಿಘಂಟು ಮಾಡುವವರಿಗೆ ಇದು ತುರ್ತಿನ ಕೆಲಸ.