ನೀಲಗಿರಿಯ ಮಾಗಿ: ಸೂರ್ಯನ ತಿರುವಿನಲ್ಲಿ ಮೂರು ಹಬ್ಬಗಳು

ಭಾರತ ಸರ್ಕಾರದ ರಾಜಪತ್ರವನ್ನು ಗಮನಿಸಿ ನೋಡಿದವರಿಗೆ ಅದರ ತಲೆಬರಹದಲ್ಲಿ ಎರಡು ದಿನಾಂಕಗಳಿರುವುದು ತಿಳಿದಿರುತ್ತದೆ. ಮೊದಲನೆಯದು ಎಲ್ಲರೂ ಬಳಸುವ ಗ್ರೆಗೋರಿಯನ್ ದಿನಾಂಕ. ಅದರ ಪಕ್ಕದಲ್ಲಿ ಶಕವರ್ಷದ ದಿನಾಂಕ. 2023ರ ಡಿಸೆಂಬರ್ 22, ಈ ಎರಡನೆಯ ಲೆಕ್ಕದಲ್ಲಿ 1945ರ ಪೌಷ 1. ಈ ತಿಂಗಳು ಅದೇ ದಿನ ಹುಟ್ಟುವುದು ಕಾಕತಾಳೀಯವಲ್ಲ. ಖಭೌತ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕಗೊಂಡ ಪಂಚಾಂಗ ಸುಧಾರಣಾ ಸಮಿತಿಯು ಋತುಗಳಿಗೂ ತಿಂಗಳುಗಳಿಗೂ ಕಳಚಿಹೋಗಿದ್ದ ಕೊಂಡಿಯನ್ನು ಮತ್ತೆ ಬೆಸೆಯಲು ಯತ್ನಿಸಿತು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸವು ಸೂರ್ಯ ದಕ್ಷಿಣದ ತುದಿಯನ್ನು ಮುಟ್ಟಿ ಹಿಂದಿರುಗುವ ಹೊತ್ತಿಗೆ, ಅಂದರೆ ನಿಜವಾದ ಉತ್ತರಾಯಣದ ಹೊಸ್ತಿಲಲ್ಲಿ, ಆರಂಭವಾಗುತ್ತದೆ.

ನಾವು ಉತ್ತರಾಯಣವನ್ನು ಆಚರಿಸುವುದು ಮಾತ್ರ ಜನವರಿ 14 ಅಥವಾ 15ರಂದು. ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ ಸೂರ್ಯನ ತಿರುವೂ ಒಂದೇ ದಿನ ಕೂಡಿ ಬರುತ್ತಿದ್ದವು. ಭೂಮಿಯ ಅಕ್ಷದ ನಿಧಾನವಾದ ಓಲಾಟದಿಂದಾಗಿ ಇವೆರಡೂ ಸುಮಾರು 72 ವರ್ಷಕ್ಕೊಂದು ದಿನದಂತೆ ದೂರವಾಗುತ್ತ ಬಂದು ಈಗ ಮೂರು ವಾರಕ್ಕೂ ಮಿಕ್ಕಿದ ಅಂತರವಾಗಿದೆ. ರಾಜಪತ್ರದ ಪೌಷ 1 ಲೆಕ್ಕಕ್ಕೆ ಸರಿ. ಆದರೂ ಅಂದು ಎಳ್ಳು ಬೀರುವವರಿಲ್ಲ, ಪೊಂಗಲ್ ಉಕ್ಕಿಸುವವರಿಲ್ಲ. ನಿಖರವಾದ ದಿನಾಂಕವೊಂದಕ್ಕೆ ಹಬ್ಬವಾಗುವ ಶಕ್ತಿ ಯಾಕೆ ಬರಲಿಲ್ಲ? ಚೆನ್ನೈನಿಂದ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿರುವ ನೀಲಗಿರಿಯ ಚಳಿಗಾಲದ ಆಚರಣೆಗಳನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರದ ಒಂದು ಎಳೆ ಸಿಗಬಹುದು.

ಮೊದಲು ಆ ಬೆಟ್ಟದ ಚಳಿಗಾಲದ ಸ್ವರೂಪವನ್ನು ಅರಿಯಬೇಕು. ಲಂಡನ್ನಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಎಂಟು ಗಂಟೆಗೂ ಕಡಿಮೆ. ಅಲ್ಲಿ ಸೂರ್ಯ ಕೈಬಿಟ್ಟು ಹೋಗುತ್ತಾನೇನೋ ಎಂಬ ಅಂಜಿಕೆ ಸಹಜ. ಉತ್ತರ ಯೂರೋಪಿನ ಮಾಗಿಯ ಹಬ್ಬಗಳಲ್ಲೆಲ್ಲ ಬೆಂಕಿಯೂ ದೀಪವೂ ತುಂಬಿರುವುದಕ್ಕೆ ಅದೊಂದು ಕಾರಣ. ಊಟಿಯಲ್ಲಾದರೋ ಅದೇ ದಿನದ ಹಗಲು ಹನ್ನೊಂದೂವರೆ ಗಂಟೆಗೆ ತುಸುವೇ ಕಡಿಮೆ. ವರ್ಷದ ಅತಿ ದೊಡ್ಡ ಹಗಲಿಗೂ ಇದಕ್ಕೂ ಒಂದು ಗಂಟೆ ಇಪ್ಪತ್ತು ನಿಮಿಷಗಳಷ್ಟೇ ಅಂತರ. ನೀಲಗಿರಿಯವರಿಗೆ ಮಾಗಿಯೆಂದರೆ ಕತ್ತಲೆಯಲ್ಲ, ಹಿಮ. ಈಶಾನ್ಯ ಮಾರುತದ ಮಳೆ ಹಿಂದೆಗೆದ ಮೇಲೆ ಆಕಾಶ ತಿಳಿಯಾಗುತ್ತದೆ. ಮೋಡದ ಹೊದಿಕೆಯಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಡುತ್ತದೆ. ಬೆಳಗಾಗುವಷ್ಟರಲ್ಲಿ ತಗ್ಗಿನ ಹುಲ್ಲುಗಾವಲುಗಳ ಮೇಲೆ ಬಿಳಿಯ ಹೆಪ್ಪು. ಚಹಾದ ಎಲೆಗಳು ಸುಟ್ಟಂತೆ ಕಂದುತ್ತವೆ. ಆದರೆ ಇದೇ ಹೊತ್ತಿನಲ್ಲಿ ಕೆಸರಿಲ್ಲದ ದಾರಿಗಳು ತೆರೆದುಕೊಳ್ಳುತ್ತವೆ, ಹೊಲದ ಕೆಲಸ ಸಡಿಲವಾಗುತ್ತದೆ. ಜನ ಒಂದೆಡೆ ಸೇರಲು ಇದಕ್ಕಿಂತ ಒದಗುವ ಕಾಲ ಬೆಟ್ಟದಲ್ಲಿ ಇನ್ನೊಂದಿಲ್ಲ.

ಹೀಗೆ ಸೇರುವವರಲ್ಲಿ ಮೊದಲಿಗರು ತೋದವರು. ಎಮ್ಮೆಗಳ ಸುತ್ತಲೇ ಬದುಕನ್ನೂ ಪೂಜೆಯನ್ನೂ ಕಟ್ಟಿಕೊಂಡ ಜನ. ಊಟಿಯ ಸಮೀಪದ ಮುತ್ತನಾಡು ಮಂದ್‌ನಲ್ಲಿ ಡಿಸೆಂಬರ್ ಕೊನೆಯ ಅಥವಾ ಜನವರಿಯ ಮೊದಲ ಭಾನುವಾರದಂದು ಅವರ ‘ಮೊಧ್ವೆತ್’ ನಡೆಯುತ್ತದೆ. ಹುಲ್ಲು ಹೊದಿಸಿದ, ಶಂಕುವಿನಾಕಾರದ ಎತ್ತರದ ಗುಡಿಯ ಎದುರು ಬೇರೆಬೇರೆ ಮಂದ್‌ಗಳ ಗಂಡಸರು ಕಸೂತಿಯ ‘ಪೂತುಕುಳಿ’ ಹೊದ್ದು ನೆರೆಯುತ್ತಾರೆ. ಪ್ರಾರ್ಥನೆಯ ನಂತರ ಹಾಡು, ಕುಣಿತ. ಆಮೇಲೆ ಯುವಕರು ಉರುಟಾದ ಭಾರದ ಕಲ್ಲೊಂದನ್ನು ಹೆಗಲಿಗೇರಿಸಿ ತಮ್ಮ ಬಲವನ್ನು ತೋರುತ್ತಾರೆ. ವಾರದ ಗೊತ್ತಾದ ದಿನಕ್ಕೆ ಹಬ್ಬವನ್ನು ಕಟ್ಟಿಹಾಕಿರುವುದರಿಂದ ಪಟ್ಟಣದಲ್ಲಿ ಉದ್ಯೋಗದಲ್ಲಿರುವವರೂ ಅದನ್ನು ತಪ್ಪಿಸಿಕೊಳ್ಳುವುದಿಲ್ಲ.

ಎರಡನೆಯವರು ಕೋತರು. ಬೆಟ್ಟದ ಕಮ್ಮಾರರು, ಕುಂಬಾರರು, ವಾದ್ಯಗಾರರು ಎಲ್ಲ ಇವರೇ. ಏಳೇ ಊರುಗಳ ಈ ಚಿಕ್ಕ ಸಮುದಾಯ ಡಿಸೆಂಬರ್–ಜನವರಿಯಲ್ಲಿ ಕಂಬಟ್ರಾಯನ ಹಬ್ಬವನ್ನು ದಿನಗಟ್ಟಲೆ ಆಚರಿಸುತ್ತದೆ. ‘ಕೊಳ್’ ಎಂಬ ಊದುವಾದ್ಯ, ‘ಕೊಬ್’ ಎಂಬ ಬಾಗಿದ ಕೊಂಬು, ಚರ್ಮವಾದ್ಯಗಳು ಮೊಳಗುತ್ತಿರುವಾಗ ಗಂಡಸರೂ ಹೆಂಗಸರೂ ಸುತ್ತುಗಟ್ಟಿ ಕುಣಿಯುತ್ತಾರೆ. ಹಿಂದೆ ತೋದರ ಮತ್ತು ಬಡಗರ ಸಾವಿನ ಮನೆಗಳಲ್ಲಿಯೂ ಕೋತರ ವಾದ್ಯವೇ ನುಡಿಯುತ್ತಿತ್ತು. ಕಳೆದ ಶತಮಾನದಲ್ಲಿ ಆ ಕೊಡುಕೊಳ್ಳುವಿಕೆ ಮುರಿದುಬಿತ್ತು. ವಾದ್ಯ ಮಾತ್ರ ಅವರದೇ ದೇವರ ಎದುರು ಉಳಿದುಕೊಂಡಿತು.

ಮೂರನೆಯವರು, ಕನ್ನಡಿಗರಿಗೆ ತೀರ ಹತ್ತಿರದವರು, ಬಡಗರು. ಹೆಸರಿನಲ್ಲೇ ಇತಿಹಾಸವಿದೆ: ಬಡಗಣ ದಿಕ್ಕಿನಿಂದ ಬಂದವರು. ಯಕ್ಷಗಾನದ ಬಡಗುತಿಟ್ಟಿನಲ್ಲಿ ನಾವು ಉಳಿಸಿಕೊಂಡಿರುವುದೂ ಅದೇ ಶಬ್ದ. ವಿಜಯನಗರದ ಪತನದ ನಂತರದ ಕ್ಷೋಭೆಯಲ್ಲಿ ಮೈಸೂರು ಸೀಮೆಯಿಂದ ಬೆಟ್ಟವೇರಿದವರೆಂದು ಪರಂಪರೆ ಹೇಳುತ್ತದೆ. ಈ ವಲಸೆಯ ಕಥನವನ್ನು ಒಪ್ಪದೆ ತಾವು ಅಲ್ಲಿಯ ಮೂಲನಿವಾಸಿಗಳೆನ್ನುವ ಬಡಗರೂ ಇದ್ದಾರೆ. 1603ರಲ್ಲಿ ಬೆಟ್ಟ ಹತ್ತಿದ ಜೆಸೂಯಿಟ್ ಪಾದ್ರಿ ಫೆನಿಸಿಯೊ ಅಲ್ಲಿ ಬಡಗರನ್ನು ಕಂಡಿದ್ದ ಎಂಬುದಂತೂ ದಾಖಲೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಬಡಗ ನುಡಿಗೆ ಆರಿಸಿಕೊಂಡದ್ದು ಕನ್ನಡ ಲಿಪಿಯನ್ನು.

ಬಡಗರ ಊರು ‘ಹಟ್ಟಿ’. ಅವರ ತಿಂಗಳುಗಳ ಸಾಲಿನಲ್ಲಿ ‘ದೊಡ್ಡ ದೀವಿಗೆ’, ‘ಕಿರು ದೀವಿಗೆ’ ಎಂಬ ಎರಡು ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಅವರ ದೊಡ್ಡ ಹಬ್ಬ ‘ಹೆತ್ತೆ ಹಬ್ಬ’. ಹೆತ್ತೆಯೆಂದರೆ ಅಜ್ಜಿ, ಕನ್ನಡದ ಕಿವಿಗೆ ಆ ಶಬ್ದದಲ್ಲಿ ‘ಹೆತ್ತವಳು’ ಕೇಳಿಸುತ್ತಾಳೆ. ಆಕೆಯ ಕಥೆ ಊರಿಂದೂರಿಗೆ ಬದಲಾಗುತ್ತದೆ. ಮನುಷ್ಯಳಾಗಿ ಬಾಳಿ, ನೊಂದು, ದೈವವಾದ ಪೂರ್ವಜೆ ಎಂಬುದಷ್ಟೇ ಸಮಾನವಾದ ತಿರುಳು. ಕೋತಗಿರಿ ಬಳಿಯ ಬೇರಗಣಿ ಈ ಹಬ್ಬದ ಮುಖ್ಯ ನೆಲೆ. ಅಲ್ಲಿಯ ಪೂಜಾರಿ ಇನ್ನೂ ಪ್ರಾಯಕ್ಕೆ ಬಾರದ ಹುಡುಗ. ಗುಡಿಯಲ್ಲೇ ಕಟ್ಟುನಿಟ್ಟಿನಿಂದ ಇದ್ದು, ಗುಡಿಯ ದನಗಳನ್ನೂ ನೋಡಿಕೊಳ್ಳುತ್ತಾನೆ. ಹುಣ್ಣಿಮೆಯನ್ನೂ ಸೋಮವಾರವನ್ನೂ ಸೇರಿಸಿ ಎಣಿಸುವ ಲೆಕ್ಕದಂತೆ ಹಬ್ಬವು ಡಿಸೆಂಬರ್ ಕೊನೆಗೋ ಜನವರಿಯ ಮೊದಲ ಭಾಗಕ್ಕೋ ಬೀಳುತ್ತದೆ. ಹಲವು ಹಟ್ಟಿಗಳಿಂದ ಬಿಳಿಯುಡುಗೆಯ ಜನ, ಕೈಯಲ್ಲಿ ಕೋಲು, ಕೊಡೆ ಹಿಡಿದ ವ್ರತಧಾರಿಗಳ ಹಿಂದೆ ಬರಿಗಾಲಿನಲ್ಲಿ ಬೆಟ್ಟದ ದಾರಿಗಳನ್ನು ನಡೆಯುತ್ತಾರೆ. ಹೆಂಗಸರು ಬಿಳಿಯ ಮುಂಡು, ಗಂಡಸರು ಬಿಳಿಯ ಮುಂಡಾಸು. ಹಸುರು ಚಹಾ ತೋಟಗಳ ನಡುವೆ ಬಿಳಿಯ ಹೊಳೆಯೊಂದು ಹರಿದಂತೆ ಕಾಣುತ್ತದೆ. ಕಾಣಿಕೆ, ಪ್ರಾರ್ಥನೆ, ಹಿರಿಯರ ಹರಕೆ, ಆನಂತರ ಗುಡಿಯ ಅಂಗಳದಲ್ಲಿ ಕುಣಿತ.

ಈ ಮೂರಕ್ಕೆ ನಾಲ್ಕನೆಯದನ್ನು ಬ್ರಿಟಿಷರು ತಂದರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟವೇರಿದ ನಂತರ ಊಟಿ ಬೆಳೆಯಿತು, 1830ರಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚು ಪ್ರತಿಷ್ಠಾಪನೆಗೊಂಡಿತು. ಅದರ ತೊಲೆಗಳಿಗೆ ಮರ ಬಂದದ್ದು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ. ರೋಮನ್ನರ ಪಂಚಾಂಗದಲ್ಲಿ ಸೂರ್ಯನ ತಿರುವಿನ ದಿನವೆಂದು ಎಣಿಸುತ್ತಿದ್ದ ಡಿಸೆಂಬರ್ 25ರ ಹಬ್ಬ, ಕಾವೇರಿಯ ದ್ವೀಪದಿಂದ ಹೊತ್ತು ತಂದ ತೊಲೆಗಳ ಕೆಳಗೆ ನೀಲಗಿರಿಯಲ್ಲಿ ನೆಲೆಗೊಂಡಿತು.

ಇವೆಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ‘ಸೂರ್ಯನ ಹಬ್ಬಗಳು’ ಎಂದುಬಿಡುವ ಆಸೆ ಆಗದಿರದು. ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. ತೋದರು ಭಾನುವಾರವನ್ನು ಎಣಿಸುತ್ತಾರೆ, ಬಡಗರು ಹುಣ್ಣಿಮೆ ಕಳೆದ ಸೋಮವಾರವನ್ನು. ನಾನು ಬಲ್ಲ ಮಟ್ಟಿಗೆ ಬೆಟ್ಟದ ಈ ಮೂವರಲ್ಲಿ ಯಾರೂ ಸೂರ್ಯನ ತಿರುವಿನ ದಿನವನ್ನು ಹುಡುಕಿ ಹಬ್ಬ ಮಾಡುವುದಿಲ್ಲ. ಆದರೂ ಎಲ್ಲರ ಲೆಕ್ಕಗಳೂ ಅದೇ ಕೆಲವು ವಾರಗಳಲ್ಲಿ ಬಂದು ನಿಲ್ಲುತ್ತವೆ. ಅವರನ್ನು ಕೂಡಿಸುವುದು ಆಕಾಶದ ಗಣಿತಕ್ಕಿಂತ ನೆಲದ ಬಿಡುವು. ಹಬ್ಬವನ್ನು ಹಬ್ಬವಾಗಿಸುವುದು ಆ ಬಿಡುವಿನಲ್ಲಿ ಹೊರಟು ಬಂದ ಜನ.

ಹೊರನಾಡಿನ ಕನ್ನಡಿಗರಾದ ನಮಗೆ ಇದರಲ್ಲೊಂದು ಪಾಠವಿದೆಯೆಂದು ನನ್ನ ಭಾವನೆ. 2011ರ ಜನಗಣತಿ ಬಡಗ ಮಾತನಾಡುವವರನ್ನು ಸುಮಾರು 1,33,000 ಎಂದು ಎಣಿಸಿ, ಆ ಸಂಖ್ಯೆಯನ್ನು ಕನ್ನಡದ ಒಟ್ಟು ಲೆಕ್ಕದೊಳಗೆ ಸೇರಿಸಿತು. ಅಂಕಿಅಂಶದಲ್ಲಿ ಅವರು ನಮ್ಮವರು. ನಮ್ಮ ಅರಿವಿನಲ್ಲಿ ಬಹುಪಾಲು ಇಲ್ಲ. ತಮ್ಮದೇ ಲಿಪಿಯ ಪರಂಪರೆಯಿಲ್ಲದೆ, ತಮ್ಮದೇ ರಾಜ್ಯವಿಲ್ಲದೆ, ಶಾಲೆಯಲ್ಲಿ ಪಾಠವಿಲ್ಲದೆ ಒಂದು ನುಡಿ ನಾಲ್ಕು ಶತಮಾನ ಬೆಟ್ಟದ ಮೇಲೆ ಉಳಿದು ಬಂದಿದೆ. ಹೆತ್ತೆಯ ಎದುರು ಹಿರಿಯರು ಹರಸುವುದು ಬಡಗದಲ್ಲೇ, ಹಾಡುವುದು ಬಡಗದಲ್ಲೇ. ಆ ಹರಕೆಯನ್ನು ಪಡೆಯಲು ಮೊಮ್ಮಕ್ಕಳು ಊರಿಗೆ ಬರಲೇಬೇಕು. ಹಬ್ಬವು ಅಲ್ಲಿ ನುಡಿಯ ಶಾಲೆಯೂ ಹೌದು.

ಆ ಶಾಲೆಯ ಹಾಜರಿ ಈಗ ಸುಲಭವಲ್ಲ. ರಾಗಿ, ಸಾಮೆಗಳ ಹೊಲಗಳಿದ್ದೆಡೆ ಚಹಾ ಬಂದಿತು. ಚಹಾದ ಬೆಲೆ ಕುಸಿದಾಗಲೆಲ್ಲ ಯುವಜನ ಕೊಯಮತ್ತೂರು, ಬೆಂಗಳೂರು, ಚೆನ್ನೈಗಳತ್ತ ಇಳಿದರು. ಹೆತ್ತೆ ಹಬ್ಬಕ್ಕೆ ನೀಲಗಿರಿ ಜಿಲ್ಲೆಯಲ್ಲಿ ಸ್ಥಳೀಯ ರಜೆ ಘೋಷಿಸುತ್ತಾರೆ. ಚೆನ್ನೈನ ಕಚೇರಿಗಳ ರಜಾ ಪಟ್ಟಿಯಲ್ಲಿ ಅದಿಲ್ಲ. ಇಲ್ಲಿ ದುಡಿಯುವ ಬಡಗ ನೌಕರ ಸಾಂದರ್ಭಿಕ ರಜೆಯ ಅರ್ಜಿ ಬರೆದು, ರಾತ್ರಿಯ ನೀಲಗಿರಿ ಎಕ್ಸ್‌ಪ್ರೆಸ್ ಹಿಡಿದು, ಮೇಟುಪಾಳ್ಯದಿಂದ ಬೆಟ್ಟ ಹತ್ತಬೇಕು. ಪೌಷ 1ಕ್ಕೆ ರಾಜಪತ್ರದಲ್ಲಿ ಖಾಯಂ ಸ್ಥಾನವಿದೆ. ಅದಕ್ಕಾಗಿ ಅರ್ಜಿ ಬರೆದವರನ್ನು ನಾನು ಕಂಡಿಲ್ಲ. ಹೆತ್ತೆಯ ಸೋಮವಾರ ವರ್ಷವರ್ಷವೂ ಸರಿಯುತ್ತದೆ, ಆದರೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗೆ ಹೋಗುವವರು ಇರುವ ತನಕ ಹಬ್ಬವೂ ನುಡಿಯೂ ಉಳಿದಾವು.