ಗ್ವಿಜೌ ಇಕೊಮ್ಯೂಸಿಯಂಗಳು

ನೈಋತ್ಯ ಚೀನಾದ ಗ್ವಿಜೌ ಪ್ರಾಂತ್ಯದಲ್ಲಿ ನಾರ್ವೆಯ ನೆರವಿನಿಂದ ರೂಪುಗೊಂಡ ಸಮುದಾಯ ವಸ್ತುಸಂಗ್ರಹಾಲಯಗಳು. ಇಲ್ಲಿ ಹಳೆಯ ವಸ್ತುಗಳನ್ನು ನಗರದ ಗಾಜಿನ ಕಪಾಟಿಗೆ ಸಾಗಿಸುವುದಿಲ್ಲ. ಮನೆ, ಹೊಲ, ಹಾಡು, ಹಬ್ಬಗಳ ಸಮೇತ ಇಡೀ ಊರೇ ಸಂಗ್ರಹಾಲಯ. 1970ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಮೊಳೆತ ಈ ಕಲ್ಪನೆಯನ್ನು ಗ್ವಿಜೌನಲ್ಲಿ ನೆಲೆಗೊಳಿಸಿದವರಲ್ಲಿ ಚೀನಾದ ಸು ದೊಂಗ್‌ಹಾಯ್, ನಾರ್ವೆಯ ಯೋನ್ ಓಗೆ ಯೆಸ್ಟ್ರುಮ್ ಪ್ರಮುಖರು.

ಮೊದಲನೆಯದು 1998ರಲ್ಲಿ ಲಿಯುಝಿಯ ಸುವೊಜಿಯಾದಲ್ಲಿ ತೆರೆಯಿತು. ಇದರ ವ್ಯಾಪ್ತಿಯ 12 ಹಳ್ಳಿಗಳಲ್ಲಿರುವವರು ‘ಉದ್ದಕೊಂಬಿನ ಮಿಯಾವ್’ ಜನ. ಹೆಂಗಸರು ಕೊಂಬಿನಾಕಾರದ ಮರದ ಬಾಚಣಿಗೆಯನ್ನು ಮುಡಿಗೆ ಸಿಕ್ಕಿಸಿ, ಅದರ ಸುತ್ತ ದಪ್ಪನೆಯ ಚೌರಿ ಸುತ್ತಿ, ಬಿಳಿ ಪಟ್ಟಿಯಿಂದ ಬಿಗಿಯುತ್ತಾರೆ. ಈಗ ಚೌರಿಗೆ ಉಣ್ಣೆದಾರವೇ ಹೆಚ್ಚು; ಹಿಂದೆ ಹಿರಿಯರ ಕೂದಲೂ ಅದರಲ್ಲಿ ಸೇರುತ್ತಿತ್ತು. ಬಟ್ಟೆಯ ಮೇಲೆ ಮೇಣದಿಂದ ಚಿತ್ತಾರ ಬರೆದು ನೀಲಿಯಲ್ಲಿ ಅದ್ದುವ ಕಸುಬೂ ಇವರದೇ. ಲೊಂಗ್‌ಗಾ ಹಳ್ಳಿಯ ಮಾಹಿತಿ ಕೇಂದ್ರದಲ್ಲಿ ಲಿಪಿಯಿಲ್ಲದ ಈ ಜನರ ನೆನಪುಗಳ ಧ್ವನಿಮುದ್ರಣ ಕೈಗೊಂಡದ್ದು, ಕಟ್ಟಡಕ್ಕಿಂತ ಬೆಲೆಯುಳ್ಳ ಕೆಲಸ.

ಮುಂದೆ ಬುಯಿ ಜನರ ಜೆನ್‌ಶಾನ್, ದೊಂಗ್ ಜನರ ತಾಂಗ್‌ಆನ್ ಸೇರಿದವು. ಇನ್ನೊಂದಾದ ಲೊಂಗ್‌ಲಿ ಮಾತ್ರ ಬಹುಸಂಖ್ಯಾತ ಹಾನ್ ಜನರ ಕೋಟೆಯೂರು.

2000ದಲ್ಲಿ ರೂಪಿಸಿದ ‘ಲಿಯುಝಿ ತತ್ತ್ವಗಳು’ ಸಂಸ್ಕೃತಿಯ ಒಡೆತನವನ್ನೂ ಅದನ್ನು ವ್ಯಾಖ್ಯಾನಿಸುವ ಹಕ್ಕನ್ನೂ ಊರವರಿಗೇ ಕೊಟ್ಟವು. ಪ್ರವಾಸೋದ್ಯಮದೊಡನೆ ತಿಕ್ಕಾಟ ಬಂದಾಗ ಸಂಸ್ಕೃತಿಗೇ ಆದ್ಯತೆ ಎಂದವು. ಆದರೆ ಆಚರಣೆಯಲ್ಲಿ ಚುಕ್ಕಾಣಿ ಬಹುಮಟ್ಟಿಗೆ ಅಧಿಕಾರಿಗಳು, ತಜ್ಞರ ಕೈಯಲ್ಲೇ ಉಳಿಯಿತು. ಬಡತನ ನೀಗಬೇಕಿದ್ದ ಹಳ್ಳಿಗರಿಗೆ ರಸ್ತೆ, ನೀರು, ವಿದ್ಯುತ್ತೇ ಮುಖ್ಯವಾಗಿದ್ದವು. ಯುವಜನರು ದುಡಿಮೆಗಾಗಿ ನಗರಗಳತ್ತ ನಡೆದರು.